ಹನ್ನೊಂದೂವರೆ ಸಾವಿರ ಅಡಿಯ ಲೆಕ್ಕ: ಗ್ರ್ಯಾಂಡ್ ಕ್ಯಾನ್ಯನ್ ಮೇಲೆ ಒಂದು ಸಣ್ಣ ವಿಮಾನ

ಕೇಳಿದ್ದು ತುಂಬಾ ಸರಳವಾಗಿತ್ತು. ಗೆಳೆಯನ ಅಪ್ಪ ಮೇ ತಿಂಗಳಲ್ಲಿ ಅಮೆರಿಕಕ್ಕೆ ಬಂದಿದ್ದರು. ವಯಸ್ಸು 68. ಅವರು, ಮಗ, ಸೊಸೆ, ಜೊತೆಗೆ ನಾನು, ಒಟ್ಟು ನಾಲ್ಕು ಜನ. ಫೀನಿಕ್ಸ್‌ನಿಂದ ಸಣ್ಣ ವಿಮಾನದಲ್ಲಿ ಹೊರಟು, ಗ್ರ್ಯಾಂಡ್ ಕ್ಯಾನ್ಯನ್ ಕಣಿವೆ ದಾಟಿ, ಪೇಜ್ ಊರಿನಲ್ಲಿ ಇಳಿದು ಲೇಕ್ ಪೊವೆಲ್ ನೋಡಿ ಬರುವುದು. ಜೂನ್ ಕೊನೆಯ ವಾರ.

"ಲೈಸೆನ್ಸ್ ಇದೆ ಅಂತೀಯ, ಒಂದು ಸುತ್ತು ಹಾಕಿಸಬಾರದೇನಪ್ಪಾ?" ಎಂದರು ಅಂಕಲ್.

ಅದಕ್ಕೇನಂತೆ ಅಂದುಬಿಟ್ಟೆ. ಆ ಯಾನ ಜೂನ್‌ನಲ್ಲಿ ನಡೆಯಲಿಲ್ಲ. ಅಕ್ಟೋಬರ್ ಕೊನೆಯಲ್ಲಿ ನಡೆಯಿತು. ಒಬ್ಬರು ಕಡಿಮೆ, ಬ್ಯಾಗುಗಳೆಲ್ಲ ಕಾರಿನಲ್ಲಿ, ವಾಪಸ್ ದಾರಿಯೇ ಬೇರೆ. ಮೊದಲ ಪ್ಲಾನ್‌ನಲ್ಲಿ ನಿಯಮ ಮುರಿಯುವಂಥದ್ದು ಒಂದೂ ಇರಲಿಲ್ಲ. ಆದರೂ ಅದು ಕೆಟ್ಟ ಪ್ಲಾನ್. ಅದು ಹೇಗೆ ಅನ್ನೋದೇ ಈ ಪ್ರಕರಣ.

ಮೊದಲು ನಕ್ಷೆ

ಗ್ರ್ಯಾಂಡ್ ಕ್ಯಾನ್ಯನ್ ಮೇಲೆ ಮನಸ್ಸಿಗೆ ಬಂದ ಹಾಗೆ ಹಾರುವಂತಿಲ್ಲ. 1956ರ ಜೂನ್ 30ರಂದು ಈ ಕಣಿವೆಯ ಮೇಲೆ ಎರಡು ಪ್ರಯಾಣಿಕ ವಿಮಾನಗಳು ಡಿಕ್ಕಿ ಹೊಡೆದು 128 ಜನ ಸತ್ತರು. ಎರಡು ವರ್ಷದ ನಂತರ ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆಯಾದ ಎಫ್‌ಎಎ ಹುಟ್ಟಲು ಆ ದುರಂತ ದೊಡ್ಡ ಕಾರಣ. 1986ರಲ್ಲಿ ಪ್ರವಾಸಿಗರನ್ನು ಹೊತ್ತ ವಿಮಾನ ಮತ್ತು ಹೆಲಿಕಾಪ್ಟರ್ ಇಲ್ಲೇ ಡಿಕ್ಕಿಯಾಗಿ 25 ಜನ ಹೋದರು. ಮರುವರ್ಷ ಕಾನೂನು ಬಂತು. ಈಗ ಕಣಿವೆಯ ಮೇಲಿನ ಆಕಾಶಕ್ಕೆ ವಿಶೇಷ ನಿಯಮಗಳಿವೆ, ಅದಕ್ಕೆಂದೇ ಬೇರೆ ನಕ್ಷೆಯೂ ಇದೆ. ನಕ್ಷೆಯ ಒಂದು ಬದಿ ಪ್ರವಾಸಿ ಕಂಪನಿಗಳ ವಿಮಾನಗಳಿಗೆ, ಇನ್ನೊಂದು ಬದಿ ನಮ್ಮಂಥ ಖಾಸಗಿಯವರಿಗೆ. ಅವಸರದಲ್ಲಿ ತಪ್ಪು ಬದಿ ನೋಡಿದರೆ ಎತ್ತರಗಳೆಲ್ಲ ಬದಲಾಗುತ್ತವೆ. ನಾನು ಮೊದಲ ದಿನ ಹತ್ತು ನಿಮಿಷ ತಪ್ಪು ಬದಿಯನ್ನೇ ಓದುತ್ತಾ ಕೂತಿದ್ದೆ.

ನಾಲ್ಕು ದೊಡ್ಡ ತುಂಡುಗಳು ಹಾರಾಟ ನಿಷಿದ್ಧ ವಲಯ. ನಮ್ಮ ದಾರಿಯ ಅಕ್ಕಪಕ್ಕದವುಗಳಲ್ಲಿ ನೆಲದಿಂದ ಹಿಡಿದು ಸಮುದ್ರ ಮಟ್ಟಕ್ಕಿಂತ 14,500 ಅಡಿ ಎತ್ತರದವರೆಗೆ ಕಾಲಿಡುವಂತಿಲ್ಲ. ಅವುಗಳ ನಡುವೆ ಓಣಿಗಳ ಹಾಗೆ ಕಾರಿಡಾರ್‌ಗಳಿವೆ: ಜೂನಿ ಪಾಯಿಂಟ್, ಡ್ರ್ಯಾಗನ್, ಫಾಸಿಲ್ ಕ್ಯಾನ್ಯನ್, ಟಕಪ್. ಖಾಸಗಿ ವಿಮಾನ ಉತ್ತರಕ್ಕೆ ಹೋಗುವಾಗ 11,500 ಅಥವಾ 13,500 ಅಡಿಯಲ್ಲಿರಬೇಕು. ದಕ್ಷಿಣಕ್ಕೆ ಬರುವಾಗ 10,500 ಅಥವಾ 12,500. ಮುಂಚೆಯೇ ಅನುಮತಿ ಬೇಕಿಲ್ಲ. ಎತ್ತರ ಮತ್ತು ಓಣಿಯ ಅಂಚು ಎರಡನ್ನೂ ಮೀರದಿದ್ದರೆ ಸಾಕು. ಆಯಾ ಭಾಗಕ್ಕೆ ಗೊತ್ತುಮಾಡಿದ ರೇಡಿಯೋ ಫ್ರೀಕ್ವೆನ್ಸಿಯಲ್ಲಿ ನಾವು ಎಲ್ಲಿದ್ದೇವೆ ಅಂತ ಹೇಳುತ್ತಾ ಹೋಗಬೇಕು.

ಪೇಜ್ ಇರುವುದು ಕಣಿವೆಯ ಈಶಾನ್ಯಕ್ಕೆ. ಹಾಗಾಗಿ ಪೂರ್ವದ ತುದಿಯ ಜೂನಿ ಪಾಯಿಂಟ್ ಕಾರಿಡಾರ್ ನಮಗೆ ಸಹಜವಾದ ದಾರಿ. ಫೀನಿಕ್ಸ್‌ನ ಡೀರ್ ವ್ಯಾಲಿ ವಿಮಾನ ನಿಲ್ದಾಣದಿಂದ ಒಟ್ಟು ಸುಮಾರು 210 ನಾಟಿಕಲ್ ಮೈಲು (390 ಕಿ.ಮೀ.), ಎರಡು ಗಂಟೆಗಿಂತ ಸ್ವಲ್ಪ ಜಾಸ್ತಿ.

ಜೂನ್ ಪ್ಲಾನ್

ವಿಮಾನ ಬಾಡಿಗೆಯದು. ಸೆಸ್ನಾ 172ಎಸ್, 180 ಅಶ್ವಶಕ್ತಿ, ನಾಲ್ಕು ಸೀಟು. ನಾಲ್ಕು ಸೀಟು ಇದೆ ಅಂದರೆ ನಾಲ್ಕು ಜನ ಕೂರಬಹುದು ಅಂತಲ್ಲ. ಕಾರು ಓಡಿಸಿ ಅಭ್ಯಾಸವಾದವರಿಗೆ ಇದನ್ನು ನಂಬಿಸುವುದು ಕಷ್ಟ.

ಊಟದ ಮೇಜಿನ ಪಕ್ಕ ಬಾತ್‌ರೂಮಿನ ತೂಕದ ಯಂತ್ರ ತಂದಿಟ್ಟೆ. ಬಟ್ಟೆ, ಶೂ ಸಮೇತ ಒಬ್ಬೊಬ್ಬರೇ ಹತ್ತಬೇಕು. ಬಾಯಿಮಾತಿನಲ್ಲಿ ತೂಕ ಕೇಳಿದರೆ ಎಲ್ಲರೂ ಹತ್ತು ಪೌಂಡ್ ಕಡಿಮೆ ಹೇಳುತ್ತಾರೆ, ನಾನೂ ಸೇರಿ. ನಾನು 168 ಪೌಂಡ್, ಗೆಳೆಯ 182, ಅಂಕಲ್ 158, ಗೆಳೆಯನ ಹೆಂಡತಿ 130. ಒಟ್ಟು 638. ಬ್ಯಾಗು 30. ಖಾಲಿ ವಿಮಾನ 1,690. ಹಾರಲು ಇರುವ ಗರಿಷ್ಠ ಮಿತಿ 2,550. ಉಳಿದದ್ದರಲ್ಲಿ 31 ಗ್ಯಾಲನ್ ಇಂಧನ ಹಿಡಿಯುತ್ತದೆ. ಗ್ಯಾಲನ್‌ಗೆ 6 ಪೌಂಡ್‌ನಂತೆ 186. ಕೂಡಿದರೆ 2,544. ಮಿತಿಗಿಂತ ಆರು ಪೌಂಡ್ ಕಡಿಮೆ!

ಇಂಧನ ಸಾಲುತ್ತದಾ? ದಾರಿಗೆ 21 ಗ್ಯಾಲನ್. ಹಗಲಿನಲ್ಲಿ ಅರ್ಧ ಗಂಟೆಯಷ್ಟು ಹೆಚ್ಚುವರಿ ಇರಬೇಕು ಅನ್ನುವುದು ನಿಯಮ, ಅದಕ್ಕೆ ನಾಲ್ಕೂವರೆ. ಸಾಲುತ್ತದೆ. ಆಕ್ಸಿಜನ್? ಪೈಲಟ್‌ಗೆ ಅದು ಕಡ್ಡಾಯವಾಗುವುದು 12,500 ಅಡಿ ದಾಟಿ ಅರ್ಧ ಗಂಟೆ ಕಳೆದ ಮೇಲೆ. ನಾವು 11,500ರಲ್ಲಿ. ಬೇಡ. ಮಧ್ಯದಲ್ಲಿ ಗ್ರ್ಯಾಂಡ್ ಕ್ಯಾನ್ಯನ್ ವಿಮಾನ ನಿಲ್ದಾಣದಲ್ಲಿ ಇಳಿದು ಊಟ ಮಾಡೋಣ ಅಂತಲೂ ಸೇರಿಸಿದೆ. ಅಲ್ಲಿನ ರನ್‌ವೇ ಸುಮಾರು 9,000 ಅಡಿ ಉದ್ದ, ನಮ್ಮ ವಿಮಾನಕ್ಕೆ ಹೆದ್ದಾರಿ ಇದ್ದ ಹಾಗೆ.

ಎಲ್ಲಾ ಸರಿ ಇತ್ತು. ಹೆಮ್ಮೆಯಿಂದಲೇ ನನ್ನ ಹಳೆಯ ಇನ್‌ಸ್ಟ್ರಕ್ಟರ್‌ಗೆ ತೋರಿಸಿದೆ. ಅವರು ಹಾಳೆಗಳನ್ನು ತಿರುವಿ ಹಾಕಿ ಒಂದೇ ಪ್ರಶ್ನೆ ಕೇಳಿದರು. "ಇಷ್ಟು ಭಾರ ಹೊತ್ತು, ಜೂನ್ ಬಿಸಿಲಿನಲ್ಲಿ, 11,500ರಲ್ಲಿ ಇದು ನಿಮಿಷಕ್ಕೆ ಎಷ್ಟು ಅಡಿ ಏರುತ್ತದೆ?"

ನನ್ನ ಹಾಳೆಗಳಲ್ಲಿ ಟೇಕಾಫ್ ದೂರ ಇತ್ತು, ಇಂಧನ ಇತ್ತು, ತೂಕ ಇತ್ತು. ಆ ಒಂದು ಅಂಕಿ ಇರಲಿಲ್ಲ.

ಆ ಒಂದು ಅಂಕಿ

ವಿಮಾನಕ್ಕೆ ಎತ್ತರ ಅಂದರೆ ಗಾಳಿಯ ತೆಳುವು. ಬಿಸಿ ಗಾಳಿ ಇನ್ನೂ ತೆಳು. ಅದಕ್ಕೇ ಡೆನ್ಸಿಟಿ ಆಲ್ಟಿಟ್ಯೂಡ್ ಅನ್ನುವ ಲೆಕ್ಕ. ನಕ್ಷೆಯಲ್ಲಿ ಎಷ್ಟೇ ಎತ್ತರ ಬರೆದಿರಲಿ, ಎಂಜಿನ್ನಿಗೂ ರೆಕ್ಕೆಗೂ ಅದು ಎಷ್ಟು ಎತ್ತರದ ಹಾಗೆ ಅನಿಸುತ್ತದೆ ಅನ್ನುವುದು ಇದರಲ್ಲಿ ಗೊತ್ತಾಗುತ್ತದೆ. ಆ ಎತ್ತರಕ್ಕೆ ಇರಬೇಕಾದ ತಾಪಮಾನಕ್ಕಿಂತ ಎಷ್ಟು ಡಿಗ್ರಿ ಹೆಚ್ಚಿದೆಯೋ, ಡಿಗ್ರಿಗೆ ಸುಮಾರು 120 ಅಡಿ ಕೂಡಿಸಬೇಕು.

11,500 ಅಡಿಯಲ್ಲಿ ಪ್ರಮಾಣದ ತಾಪಮಾನ ಮೈನಸ್ 8 ಡಿಗ್ರಿ. ಆ ವಾರದ ಮುನ್ಸೂಚನೆಯ ಪ್ರಕಾರ ಅಲ್ಲಿ ಪ್ಲಸ್ 10. ಹದಿನೆಂಟು ಡಿಗ್ರಿ ಜಾಸ್ತಿ. ಅಂದರೆ ವಿಮಾನಕ್ಕೆ ಅದು 11,500 ಅಲ್ಲ, ಸುಮಾರು 13,660.

ಈ ವಿಮಾನದ ಸರ್ವಿಸ್ ಸೀಲಿಂಗ್ 14,000 ಅಡಿ. ಅದನ್ನು ನಾನು 'ಅಲ್ಲಿವರೆಗೆ ಹಾರಬಹುದು' ಅಂತ ಮನಸ್ಸಿನಲ್ಲಿ ಇಟ್ಟುಕೊಂಡಿದ್ದೆ. ಅದರ ನಿಜವಾದ ಅರ್ಥ ಬೇರೆ: ಪೂರ್ತಿ ತೂಕದಲ್ಲಿ ನಿಮಿಷಕ್ಕೆ ಬರೀ 100 ಅಡಿ ಏರುವ ಶಕ್ತಿ ಉಳಿಯುವ ಎತ್ತರ ಅದು. ಸಮುದ್ರ ಮಟ್ಟದಲ್ಲಿ ನಿಮಿಷಕ್ಕೆ 730, 14,000ದಲ್ಲಿ 100. ನಡುವೆ ನೇರ ಗೆರೆ ಎಳೆದರೆ 13,660ರಲ್ಲಿ ಸಿಗುವುದು 115. ಅಷ್ಟರೊಳಗೆ ಇಂಧನ ಉರಿದು ವಿಮಾನ ಹಗುರಾಗಿರುತ್ತದೆ, ಅದನ್ನು ಸೇರಿಸಿದರೆ 170. ಅದೂ ಹೊಸ ಎಂಜಿನ್ ಇದ್ದು, ಪೈಲಟ್ ಒಂಚೂರೂ ತಪ್ಪು ಮಾಡದಿದ್ದರೆ.

ಕಣಿವೆಯ ಅಂಚಿನಲ್ಲಿ ಗಾಳಿ ಕೆಳಕ್ಕೆ ಜಾರುವಾಗ ನಿಮಿಷಕ್ಕೆ 500 ಅಡಿ ಇಳಿಯುವುದು ಅಪರೂಪವೇನಲ್ಲ. ಅದರ ಎದುರು 170 ಯಾವ ಮೂಲೆಗೆ?

"ಬೆಳಿಗ್ಗೆ ಐದಕ್ಕೇ ಹೊರಟರೆ?" ಎಂದೆ. ಮರುಭೂಮಿಯಲ್ಲಿ ಏನೇ ಕೇಳಿದರೂ ಬೆಳಿಗ್ಗೆ ಬೇಗ ಹೋಗು ಅನ್ನುವುದೇ ಉತ್ತರ. ಆದರೆ ಇಲ್ಲಿ ಅದು ಅರ್ಧ ಉತ್ತರ ಅಷ್ಟೇ. ಬೆಳಿಗ್ಗೆ ತಣ್ಣಗಾಗುವುದು ನೆಲ, ನೆಲಕ್ಕೆ ಅಂಟಿದ ಗಾಳಿ. ಟೇಕಾಫ್ ಸುಲಭ, ಕುಲುಕಾಟ ಕಡಿಮೆ. ಆದರೆ ಮೇಲೆ ಆ ಎತ್ತರದ ಗಾಳಿಯ ತಾಪ ಹಗಲು–ರಾತ್ರಿಗೆ ಅಷ್ಟೇನೂ ಬದಲಾಗುವುದಿಲ್ಲ. ಬೆಳಿಗ್ಗೆ ಐದಕ್ಕೂ 13,660ರ ಹತ್ತಿರವೇ ಇರುತ್ತದೆ. ಇದು ನನಗೆ ಅಲ್ಲಿಯವರೆಗೆ ಹೊಳೆದೇ ಇರಲಿಲ್ಲ.

ನಿಷಿದ್ಧ ವಲಯದ ಮೇಲಿಂದ ಹೋಗುವ ದಾರಿಯೂ ಮುಚ್ಚಿತ್ತು. 14,500 ಅಡಿ ಈ ವಿಮಾನದ ಸೀಲಿಂಗ್‌ಗಿಂತಲೇ ಮೇಲೆ.

ಊಟದ ನಿಲುಗಡೆಯನ್ನೂ ಅವರು ಹೊಡೆದುಹಾಕಿದರು. ಗ್ರ್ಯಾಂಡ್ ಕ್ಯಾನ್ಯನ್ ವಿಮಾನ ನಿಲ್ದಾಣ 6,609 ಅಡಿ ಎತ್ತರದಲ್ಲಿದೆ. ಮಧ್ಯಾಹ್ನ 32 ಡಿಗ್ರಿ ಅಂದರೆ ಡೆನ್ಸಿಟಿ ಆಲ್ಟಿಟ್ಯೂಡ್ 10,000 ದಾಟುತ್ತದೆ. ಉದ್ದ ರನ್‌ವೇ ಇರುವುದರಿಂದ ನೆಲ ಬಿಡುವುದೇನೋ ಬಿಡುತ್ತದೆ. ಬಿಟ್ಟ ಮೇಲೆ ಸುತ್ತಲೂ ಕಾಡು, ಏರುವುದು ಮಾತ್ರ ಕುಂಟುತ್ತಾ. ಉದ್ದ ರನ್‌ವೇ ನೋಡಿ ಧೈರ್ಯ ಬರುವುದೇ ಅಪಾಯ ಅಂದರು.

ಮನೆಗೆ ಬಂದು ಅಂಕಲ್‌ಗೆ ಹೇಳಿದೆ. ಅವರೇನೂ ಬೇಜಾರು ಮಾಡಿಕೊಳ್ಳಲಿಲ್ಲ. "ಎತ್ತಿನ ಗಾಡಿ ಏರಲ್ಲಿ ನಿಂತ ಹಾಗೆ ಅನ್ನು. ಒಬ್ಬರು ಇಳೀಬೇಕು, ಇಲ್ಲ ಬಿಸಿಲು ಇಳೀಬೇಕು." ನಾನು ಮೂರು ಹಾಳೆಯಲ್ಲಿ ಬರೆದದ್ದು ಅಷ್ಟೇ.

ಎರಡೂ ಇಳಿಸಿದೆವು

ಜುಲೈ, ಆಗಸ್ಟ್ ಮುಂಗಾರು. ಅರಿಜೋನಾದಲ್ಲಿ ಸೆಪ್ಟೆಂಬರ್ ಕೊನೆಯವರೆಗೆ ಮಧ್ಯಾಹ್ನವಾದರೆ ಗುಡುಗು ಮೋಡ ಏಳುತ್ತವೆ, ಧೂಳಿನ ಗೋಡೆಗಳು ಬರುತ್ತವೆ. ಅದನ್ನು ಬಿಟ್ಟೆವು. ಅಂಕಲ್ ನವೆಂಬರ್‌ವರೆಗೆ ಇರುವವರಿದ್ದರು. ಅಕ್ಟೋಬರ್ ಕೊನೆ ಸರಿಹೋಯಿತು.

ತೂಕದ ಗಂಟು ಬಿಡಿಸಿದ್ದು ಗೆಳೆಯನ ಹೆಂಡತಿ. "ನಾನು ಹಿಂದಿನ ದಿನವೇ ಎಲ್ಲಾ ಬ್ಯಾಗ್ ತಗೊಂಡು ಕಾರಲ್ಲಿ ಹೋಗ್ತೀನಿ. ವಾಪಸ್ ಬರುವಾಗ ನನಗೆ ಸೀಟು, ಇವರಿಗೆ ಕಾರು." ಇದರಿಂದ ಮೂರು ಲಾಭ. ಹೋಗುವಾಗ ಮೂರೇ ಜನ. ಬರುವಾಗ ಇನ್ನೂ 52 ಪೌಂಡ್ ಕಡಿಮೆ. ಪೇಜ್‌ನಲ್ಲಿ ಓಡಾಡಲು ಕಾರೂ ಸಿಕ್ಕಿತು. ನಾನು ಇಷ್ಟು ದಿನ ಚಾರ್ಟು ಹಿಡಿದು ಕೂತವನು, ಇದು ತಲೆಗೆ ಬರಲೇ ಇಲ್ಲ.

ಉಳಿದ ಜಾಗವನ್ನೆಲ್ಲ ಇಂಧನದಿಂದ ತುಂಬಿಸುವ ಆಸೆಯಾಯಿತು. ಟ್ಯಾಂಕಿನಲ್ಲಿ ಬಳಸಲು ಸಿಗುವಷ್ಟು 53 ಗ್ಯಾಲನ್ ಹಿಡಿಯುತ್ತದೆ. 40ಕ್ಕೆ ನಿಲ್ಲಿಸಿದೆ. ದಾರಿಗೆ 21, ಅದರ ಮೇಲೆ ಎರಡು ಗಂಟೆಯಷ್ಟು ಉಳಿಕೆ. ಇದಕ್ಕಿಂತ ಜಾಸ್ತಿ ಹಾಕಿದರೆ ಬರೀ ಭಾರ ಹೊತ್ತು ಏರಿದ ಹಾಗೆ.

ಒಂದು ಭಾರವನ್ನು ಮಾತ್ರ ಬಿಟ್ಟುಕೊಡಲಿಲ್ಲ. ನೀರು. ಒಬ್ಬರಿಗೆ ನಾಲ್ಕು ಲೀಟರ್, ಒಟ್ಟು ಹನ್ನೆರಡು, 26 ಪೌಂಡ್. ಜೊತೆಗೆ ಟಾರ್ಚು, ಕನ್ನಡಿ, ತೆಳು ಹೊದಿಕೆ, ಔಷಧಿ. ಕ್ಯಾಮರಾ ಸ್ಟ್ಯಾಂಡ್ ಬೇಕೇ ಬೇಕು ಅಂತ ಗೆಳೆಯ ಹಠ ಹಿಡಿದ. ಅದು ಕಾರಿಗೆ ಹೋಯಿತು.

ಹೊಸ ಮೊತ್ತ 2,473 ಪೌಂಡ್. ಕಣಿವೆಯ ಅಂಚು ಮುಟ್ಟುವ ಹೊತ್ತಿಗೆ 2,390ರ ಆಸುಪಾಸು. 11,500ರಲ್ಲಿ ತಾಪಮಾನ ಪ್ಲಸ್ 2 ಅಂತ ಮುನ್ಸೂಚನೆ, ಅಂದರೆ ಡೆನ್ಸಿಟಿ ಆಲ್ಟಿಟ್ಯೂಡ್ 12,700. ಏರುವ ಶಕ್ತಿ ಸುಮಾರು 260. ಜೂನ್‌ನ 170ಕ್ಕೆ ಹೋಲಿಸಿದರೆ ಬರೀ 90 ಅಡಿ ಹೆಚ್ಚು ಅನಿಸಬಹುದು. ಒಂದೂವರೆ ಪಟ್ಟು ಅಂತ ನೋಡಿದರೆ ಬೇರೆ ಥರ ಕಾಣುತ್ತದೆ. ಆದರೂ 500 ಅಡಿಯ ಇಳಿಗಾಳಿಯನ್ನು ಇದು ಗೆಲ್ಲುವುದಿಲ್ಲ. ಹಾಗಾಗಿ ಗಾಳಿಗೂ ಒಂದು ಮಿತಿ ಬರೆದಿಟ್ಟೆ. 12,000 ಅಡಿಯ ಮುನ್ಸೂಚನೆಯಲ್ಲಿ ಗಾಳಿ 20 ನಾಟ್ (ಗಂಟೆಗೆ ಸುಮಾರು 37 ಕಿ.ಮೀ.) ದಾಟಿದರೆ ಕಣಿವೆ ದಾಟುವುದಿಲ್ಲ. ಬೆಟ್ಟಗಳ ಮೇಲೆ ಹಾರುವವರು ಸಾಮಾನ್ಯವಾಗಿ 25 ಅನ್ನುತ್ತಾರೆ. ನನಗೆ ಅನುಭವ ಕಡಿಮೆ, ಅದಕ್ಕೆ 20.

ಎಂಜಿನ್ ನಿಂತರೆ ಅನ್ನುವ ಲೆಕ್ಕವನ್ನು ಪೆನ್ಸಿಲ್‌ನಲ್ಲಿ ಹಾಕಿದೆ. ಈ ವಿಮಾನ 1,000 ಅಡಿ ಇಳಿಯುವಷ್ಟರಲ್ಲಿ ಸುಮಾರು ಒಂದೂವರೆ ನಾಟಿಕಲ್ ಮೈಲು ತೇಲುತ್ತದೆ. ಜೂನಿ ಪಾಯಿಂಟ್ ಹತ್ತಿರ ದಕ್ಷಿಣದ ಅಂಚು ಸುಮಾರು 7,300 ಅಡಿ. 11,500ರಿಂದ ಅಲ್ಲಿಗೆ 4,200 ಅಡಿ ಕೈಯಲ್ಲಿದೆ, ಆರು ಮೈಲು. ಉತ್ತರದ ಅಂಚು ಇನ್ನೂ ಎತ್ತರ, ಹಾಗಾಗಿ ಅಲ್ಲಿಗೆ ಐದೇ ಮೈಲು. ಹಾಗಾದರೆ ಮಧ್ಯ ದಾಟಿದ ಮೇಲೂ ಹಿಂದಕ್ಕೆ ತಿರುಗುವುದೇ ವಾಸಿ ಅನಿಸುತ್ತದೆ ಅಲ್ವಾ? ಆದರೆ ತಿರುಗುವುದಕ್ಕೇ ಐನೂರು ಅಡಿ ಹೋಗುತ್ತದೆ. ನೈಋತ್ಯದ ಗಾಳಿ ಬೇರೆ ನಮ್ಮನ್ನು ಉತ್ತರಕ್ಕೆ ತಳ್ಳುತ್ತದೆ. ಎರಡನ್ನೂ ಸೇರಿಸಿದಾಗ ಗೆರೆ ಮಧ್ಯಕ್ಕಿಂತ ಸ್ವಲ್ಪ ಮುಂಚೆಯೇ ಬಿತ್ತು. ಆ ಗೆರೆಯನ್ನು ಕೆಂಪು ಪೆನ್ನಿನಲ್ಲಿ ತಿದ್ದಿದೆ. ಅದಕ್ಕಿಂತ ಮುಂಚೆ ಏನಾದರೂ ಆದರೆ ಹಿಂದಕ್ಕೆ, ಆಮೇಲೆ ಆದರೆ ಮುಂದಕ್ಕೆ. ಮೇಲಿದ್ದಾಗ ಯೋಚಿಸುತ್ತಾ ಕೂರಬಾರದು. ಹಾಗಂತ ಅಂಚು ಮುಟ್ಟಿದರೆ ಬದುಕಿದೆವು ಅಂತಲೂ ಅಲ್ಲ. ಎರಡೂ ಕಡೆ ಮರಗಳು. ಕಣಿವೆಯೊಳಗಿನ ಬಂಡೆಗಿಂತ ಮರ ವಾಸಿ, ಅಷ್ಟೇ.

ಎತ್ತರದ ವಿಷಯದಲ್ಲಿ ಇನ್ನೊಂದು ಚಿಕ್ಕ ತೊಡಕಿತ್ತು. ನಮ್ಮ ದಿಕ್ಕು ಕಾಂಪಾಸ್‌ನಲ್ಲಿ 354 ಡಿಗ್ರಿ. ಉತ್ತರಕ್ಕಿಂತ ಕೂದಲೆಳೆ ಪಶ್ಚಿಮ. ಪಶ್ಚಿಮದ ಕಡೆಗೆ ಹೋಗುವವರು ಸಮಸಂಖ್ಯೆಯ ಸಾವಿರಕ್ಕೆ 500 ಸೇರಿಸಿ ಹಾರಬೇಕು, ಅಂದರೆ 10,500. ಕಾರಿಡಾರ್ ಕೇಳುವುದು 11,500. ಹಾಗಾಗಿ ಅಂಚಿಗೆ ಮುಂಚೆ ಒಂದು ಸಾವಿರ ಅಡಿ ಏರಲೇಬೇಕು. ಇನ್‌ಸ್ಟ್ರಕ್ಟರ್ ಇದನ್ನೇ ಪರೀಕ್ಷೆಯಾಗಿ ಬಳಸಿಕೋ ಅಂದರು. "ಅಂಚಿಗೆ ಹದಿನೈದು ಮೈಲು ಇರುವಾಗಲೇ ಏರಲು ಶುರು ಮಾಡು. ನಿಮಿಷಕ್ಕೆ 200 ಬರಲಿಲ್ಲ ಅಂದರೆ ಕಣಿವೆಗೆ ಹೋಗಲೇಬೇಡ. ಎಡಕ್ಕೆ ತಿರುಗು, ಗ್ರ್ಯಾಂಡ್ ಕ್ಯಾನ್ಯನ್ ನಿಲ್ದಾಣದಲ್ಲಿ ಇಳಿ."

ಆ ದಿನ

ಶನಿವಾರ ಹೊರಡಬೇಕಿತ್ತು. ಶುಕ್ರವಾರ ರಾತ್ರಿಯ ಮುನ್ಸೂಚನೆಯಲ್ಲಿ 12,000 ಅಡಿಯ ಗಾಳಿ 32 ನಾಟ್. ಒಂದು ದಿನ ಮುಂದೆ ಹಾಕಿದೆವು. ಗೆಳೆಯನ ಹೆಂಡತಿ ಆಗಲೇ ಪೇಜ್ ತಲುಪಿಯಾಗಿತ್ತು. ಅವರು ಸುಮ್ನೆ ಸರೋವರ ನೋಡಿಕೊಂಡು ಒಂದು ದಿನ ಕಳೆದರು. ಭಾನುವಾರ 14 ನಾಟ್.

ಸೂರ್ಯ ಏಳುತ್ತಿದ್ದ ಹಾಗೆ ಡೀರ್ ವ್ಯಾಲಿ ಬಿಟ್ಟೆವು. ಅಂಕಲ್ ಮುಂದಿನ ಸೀಟಿನಲ್ಲಿ, ಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸಿಕೊಂಡು. ನಿಯಮ ಕೇಳದಿದ್ದರೂ ಅವರ ವಯಸ್ಸಿಗೆ ಅದು ಇರಲಿ ಅನಿಸಿತ್ತು. ಫೀನಿಕ್ಸ್‌ನ ಕಂದು ಬಯಲು ಮುಗಿದು ಕಾಡು ಶುರುವಾಯಿತು. ಬಲಕ್ಕೆ ಹಂಫ್ರೀಸ್ ಶಿಖರ. 12,633 ಅಡಿ. ನಾವು 10,500ರಲ್ಲಿ. ವಿಮಾನದಲ್ಲಿ ಕೂತು ಬೆಟ್ಟವನ್ನು ತಲೆಯೆತ್ತಿ ನೋಡುವುದು ಒಂಥರಾ ಅನುಭವ.

ಹದಿನೈದು ಮೈಲು ಇದ್ದಾಗ ಥ್ರಾಟಲ್ ಪೂರ್ತಿ ಒತ್ತಿದೆ. ಗಾಳಿಗೆ ಎಷ್ಟು ಇಂಧನ ಬೆರೆಯಬೇಕು ಅಂತ ಹೊಂದಿಸುವ ಮಿಕ್ಸ್ಚರ್ ಗುಂಡಿಯನ್ನು ಒಂದೊಂದೇ ಎಳೆ ಹಿಂದಕ್ಕೆ ತಿರುಗಿಸಿದೆ. ಆ ಎತ್ತರದಲ್ಲಿ ಇಂಧನ ಜಾಸ್ತಿಯಾದರೆ ಎಂಜಿನ್ ಉಸಿರು ಕಟ್ಟಿದ ಹಾಗೆ ಮಾಡುತ್ತದೆ. ತಿರುಗಿಸುತ್ತಾ ಹೋದಂತೆ ಸದ್ದು ಹದವಾಯಿತು. ಏರುವ ಮುಳ್ಳು 240ಕ್ಕೆ ಬಂದು ನಿಂತಿತು. ಲೆಕ್ಕಕ್ಕಿಂತ 20 ಕಡಿಮೆ, ಮಿತಿಗಿಂತ 40 ಜಾಸ್ತಿ. ನಾಲ್ಕು ನಿಮಿಷ ಹಿಡಿಯಿತು. ಆ ನಾಲ್ಕು ನಿಮಿಷ ಕಣಿವೆಯನ್ನು ನಾನು ನೋಡಲೇ ಇಲ್ಲ.

ಆಮೇಲೆ ನೆಲ ಇದ್ದಕ್ಕಿದ್ದ ಹಾಗೆ ಮುಗಿಯಿತು. ಯಾರೂ ಮಾತಾಡಲಿಲ್ಲ. ರೇಡಿಯೋದಲ್ಲಿ ನಮ್ಮ ಜಾಗ, ಎತ್ತರ, ದಿಕ್ಕು ಹೇಳಿದೆ. ಕೆಳಗೆ ಎಲ್ಲೋ ಒಂದು ಪ್ರವಾಸಿ ವಿಮಾನ ಉತ್ತರ ಕೊಟ್ಟಿತು. ಕಣ್ಣಿಗೆ ಬೀಳಲಿಲ್ಲ.

ಉತ್ತರದ ಅಂಚಿನ ಹತ್ತಿರ ಮುಳ್ಳು ಕೆಳಗಿಳಿಯಿತು. ಮೈನಸ್ 300. ವಿಮಾನ ಮಟ್ಟಸವಾಗೇ ಇತ್ತು, ಎಂಜಿನ್ ಸದ್ದು ಬದಲಾಗಲಿಲ್ಲ, ಸುಮ್ಮನೆ ಜಾರುತ್ತಿತ್ತು. ಮತ್ತೆ ಪೂರ್ತಿ ಶಕ್ತಿ ಕೊಟ್ಟೆ. ಆಗಲೂ ನಿಮಿಷಕ್ಕೆ ನೂರರ ಹಾಗೆ ಇಳಿಯುತ್ತಲೇ ಇತ್ತು. ನಲವತ್ತು ಸೆಕೆಂಡಿನ ನಂತರ ಅದಾಗಿಯೇ ಬಿಟ್ಟಿತು. ಕಳೆದುಕೊಂಡದ್ದು ಒಟ್ಟು ಸುಮಾರು 120 ಅಡಿ.

"ಗಾಳಿಲೂ ಗುಂಡಿ ಇರುತ್ತಾ?" ಎಂದರು ಅಂಕಲ್.

"ಇರುತ್ತೆ ಅಂಕಲ್. ಇದು ಚಿಕ್ಕದು."

ಚಿಕ್ಕ ಗುಂಡಿಯೇ ಪೂರ್ತಿ ಶಕ್ತಿಯನ್ನು ತಿಂದಿತ್ತು ಅಂತ ಆಗ ಹೇಳಲಿಲ್ಲ. ಪೇಜ್‌ನಲ್ಲಿ ಇಳಿದ ಮೇಲೆ ಹೇಳಿದೆ. ಅದಕ್ಕೂ ಮುಂಚೆ ಫ್ಲೈಟ್ ಸರ್ವಿಸ್‌ನವರಿಗೆ ಫೋನ್ ಮಾಡಿ, ಹೊರಡುವ ಮುಂಚೆ ಕೊಟ್ಟಿದ್ದ ಫ್ಲೈಟ್ ಪ್ಲಾನ್ ಮುಚ್ಚಿಸಿದೆ. ಹೇಳಿದ ಸಮಯ ಕಳೆದು ಅರ್ಧ ಗಂಟೆಯಾದರೂ ಸುದ್ದಿ ಇಲ್ಲದಿದ್ದರೆ ಅವರು ಹುಡುಕಲು ಶುರು ಮಾಡುತ್ತಾರೆ. ಮರುಭೂಮಿಯಲ್ಲಿ ಇದಕ್ಕಿಂತ ಅಗ್ಗದ ವಿಮೆ ಇನ್ನೊಂದಿಲ್ಲ. ದುಡ್ಡೇ ಇಲ್ಲ.

ವಾಪಸ್ ದಾರಿ

ಪೇಜ್‌ನ ಒಂದು ತಮಾಷೆ. ಅರಿಜೋನಾ ಬೇಸಿಗೆ ಸಮಯಕ್ಕೆಂದು ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ಬದಲಿಸುವುದಿಲ್ಲ. ಪಕ್ಕದ ಯೂಟಾ ಬದಲಿಸುತ್ತದೆ. ಮೂಲನಿವಾಸಿಗಳ ಸ್ವಯಮಾಡಳಿತದ ನವಾಹೋ ನೇಷನ್ ಅರಿಜೋನಾದೊಳಗೂ ಬದಲಿಸುತ್ತದೆ. ಫೋನು ಯಾವ ಟವರ್ ಹಿಡಿಯಿತೋ ಆ ಸಮಯ. ಐದಕ್ಕೆ ಅಂತ ಇಟ್ಟ ಅಲಾರಂ ನಾಲ್ಕಕ್ಕೇ ಹೊಡೆಯಿತು. ಒಂದು ಗಂಟೆ ಬೇಗ ಎದ್ದಿದ್ದರಿಂದ ಹವಾಮಾನವನ್ನು ಎರಡು ಸಲ ಓದಲು ಆಯಿತು, ಅದು ಒಳ್ಳೆಯದೇ ಆಯಿತು.

12,000 ಅಡಿಯ ಗಾಳಿ ನೈಋತ್ಯದಿಂದ 23 ನಾಟ್. ಹಗಲೇರಿದ ಮೇಲೆ ಇನ್ನೂ ಜಾಸ್ತಿ. ನಾನೇ ಬರೆದಿಟ್ಟ 20 ದಾಟಿತ್ತು. ಕಣಿವೆ ಬೇಡ.

ಕಣಿವೆ ಬಿಟ್ಟರೆ 89ನೇ ಹೆದ್ದಾರಿ ಹಿಡಿದು ದಕ್ಷಿಣಕ್ಕೆ ಬರಬಹುದು. ಕೆಳಗೆ ರಸ್ತೆ ಇರುತ್ತದೆ, ಬಯಲು ಇರುತ್ತದೆ, ಒಂಟಿ ಎಂಜಿನ್ನಿಗೆ ಅದಕ್ಕಿಂತ ಏನು ಬೇಕು. ಆದರೆ ಹಾಗೇ ನೇರ ಬಂದರೆ ಹಂಫ್ರೀಸ್ ಶಿಖರದ ಪೂರ್ವ ಮಗ್ಗುಲಿಗೆ ಬರುತ್ತೇವೆ. ಗಾಳಿ ನೈಋತ್ಯದ್ದು, ಅಂದರೆ ಶಿಖರ ದಾಟಿದ ಗಾಳಿ ಉರುಳಿ ಬೀಳುವುದು ಆ ಮಗ್ಗುಲಿಗೇ. ಹೊಳೆಯಲ್ಲಿ ಬಂಡೆಯ ಹಿಂದೆ ನೀರು ಸುಳಿಯುವ ಹಾಗೆ. ನಕ್ಷೆಯಲ್ಲಿ ಅತಿ ಚಿಕ್ಕದಾಗಿ ಕಾಣುವ ದಾರಿ ಅತಿ ಒರಟು ದಾರಿ ಆಗಿತ್ತು. ಕ್ಯಾಮರನ್ ಊರು ದಾಟಿದ ಮೇಲೆ ಹೆದ್ದಾರಿ ಬಿಟ್ಟು ಪಶ್ಚಿಮಕ್ಕೆ ವಾಲಿ, ಶಿಖರದಿಂದ ಸುಮಾರು ಇಪ್ಪತ್ತು ಮೈಲು ದೂರ ಇಟ್ಟುಕೊಂಡು, ಗಾಳಿ ಬರುವ ಮಗ್ಗುಲಿನಿಂದ ದಕ್ಷಿಣಕ್ಕೆ ಬಂದೆವು. ಹನ್ನೆರಡು ನಿಮಿಷ ಜಾಸ್ತಿ ಆಯಿತು. ಹಿಂದೆ ಕೂತ ಗೆಳೆಯನ ಹೆಂಡತಿ ಕಣಿವೆ ನೋಡಲಾಗಲಿಲ್ಲ ಅಂತ ಸ್ವಲ್ಪ ಮುಖ ಸಣ್ಣ ಮಾಡಿಕೊಂಡರು. ಎಡಗಡೆ ಶಿಖರದ ಮೇಲೆ ಮಸೂರದಂಥ ಮೋಡ ಕೂತಿದ್ದನ್ನು ತೋರಿಸಿ, ಅದರ ಕೆಳಗೆ ಏನಾಗುತ್ತಿರುತ್ತದೆ ಅಂತ ಹೇಳಿದ ಮೇಲೆ ಸುಮ್ಮನಾದರು.

ಲೆಕ್ಕ ಎಲ್ಲಿ ತಪ್ಪಿತು ಅಂತಲೂ ಬರೆದುಬಿಡುತ್ತೇನೆ. ಪೇಜ್‌ನಲ್ಲಿ ಟ್ಯಾಂಕಿಗೆ ಕಡ್ಡಿ ಇಳಿಸಿ ನೋಡಿದಾಗ 19 ಗ್ಯಾಲನ್ ಇರಬೇಕಿತ್ತು. ಇದ್ದದ್ದು ಹದಿನೇಳೂವರೆ. ಒಂದೂವರೆ ಗ್ಯಾಲನ್ ಎಲ್ಲಿ ಹೋಯಿತು ಅಂತ ಹುಡುಕಿದೆ. ಅಂಚಿಗೆ ಮುಂಚೆ ಏರಿದ ಆ ಸಾವಿರ ಅಡಿ ಮತ್ತು ಹೊರಡುವಾಗ ರನ್‌ವೇ ಪಕ್ಕ ಎಂಜಿನ್ ಓಡಿಸಿಕೊಂಡು ಕಾದ ಹದಿನೈದು ನಿಮಿಷ. ಎರಡನ್ನೂ ನಾನು ಹಾಳೆಯಲ್ಲಿ ಸೊನ್ನೆ ಅಂತ ಬರೆದಿದ್ದೆ. ಈಗ ಆ ಹಾಳೆಯಲ್ಲಿ ಎರಡಕ್ಕೂ ಬೇರೆ ಬೇರೆ ಸಾಲು ಇದೆ.